ಗ್ರೀಸ್ ಒಲ್ಲೆ ಅಂದ ಟ್ರ್ಯಾಕ್ಟರ್

ದೋಸ್ತರೇ, ಇವತ್ತು ಮುಂಜಾನಿ ಕಬ್ಬು ಹೇರೂದಕ್ಕಿಂತ ಮೊದಲ ಟ್ರ್ಯಾಕ್ಟರಿಗೆ ಗ್ರೀಸ್ ಹೊಡ್ಯಾಕ ಕುಂತ್ರ, ಮುಂದಿನ ಗಾಲಿ ನಿಪ್ಪಲ್, ಅಂದ್ರ ಗ್ರೀಸ್ ತುಂಬೂ ಸಣ್ಣ ಗುಬ್ಬಿ, ಗ್ರೀಸ್ ಒಳಗ ತೊಗೊಳವಲ್ದು. ಎಲ್ಲಾ ನನ್ನ ಅಂಗಿ ಮ್ಯಾಲ!

"ಗ್ರೀಸ್ ಗನ್ ಖರಾಬ್ ಆಗ್ಯಾದ, ಅಣ್ಣಾ" ಅಂದ ತಮ್ಮ.

"ನೀ ತಂದ ಗ್ರೀಸೇ ಖರಾಬ್ ಅದಲೇ" ಅಂದೆ ನಾ.

ಕಡೀಕ ನಿಪ್ಪಲ್ ಬಿಚ್ಚಿ ಸೂಜಿ ಹಾಕಿ ಕೆದಕಿದ್ರ, ಬಂದದ್ದು ಕಲ್ಲಿನಂಗ ಗಟ್ಟಿಯಾದ ವಿಭೂತಿ! ಅಮಾಸಿಗೊಮ್ಮೆ ಗಾಡಿ ಪೂಜಾ ಮಾಡೂ ನಮ್ಮವ್ವಗ ಆ ನಿಪ್ಪಲ್ ಸಣ್ಣ ಲಿಂಗದಂಗ ಕಂಡದ. ವಿಭೂತಿ ನೀರಾಗ ಕಲಸಿ ಕಲಸಿ ಬಳದಾಳ.

"ಅವ್ವಾ, ಗ್ರೀಸ್ ಹೋಗೂ ದಾರೀನೇ ಮುಚ್ಚೀಯಲ್ಲ!" ಅಂದೆ.

ಅವ್ವ ನಕ್ಕು, "ಮತ್ತ ಇಷ್ಟು ದಿನ ಗ್ರೀಸ್ ಇಲ್ದನ ಓಡ್ಯದಲ್ಲೋ, ಅದು ಯಾರ ಕೃಪಾ?" ಅಂದಳು.