ಕಣದ ಮೇಲೆ ನಿಂತ ವ್ಯಾನು

ಆಗ ನಾನು ರೈತರಿಗೆ ಬೇಸಾಯದ ಸಿನಿಮಾ ತೋರಿಸುವ ಸರ್ಕಾರಿ ವ್ಯಾನಿನ ಡ್ರೈವರ್. ಊಟ, ನಿದ್ದೆ ಎಲ್ಲ ಅದರೊಳಗೇ, ಜೊತೆಗೆ ನನ್ನ ನಾಯಿ ಕರಿಯ. ಹನೂರಿನಿಂದ ಲೊಕ್ಕನಹಳ್ಳಿ ತಲುಪುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಅಷ್ಟು ದೊಡ್ಡ ಗಾಡಿ ನಿಲ್ಲಿಸಲು ಸಮತಟ್ಟಾದ ಜಾಗ ಒಂದೇ ಕಂಡಿತು. ನಿಲ್ಲಿಸಿ ಇಳಿದೆ.

ಒಬ್ಬ ಅಜ್ಜಿ ಸಗಣಿ ಕೈಯಲ್ಲೇ ಬಂದರು.

"ರಾಗಿ ಬಡಿಯೋ ಕಣ ಸಾ ಇದು. ಈಗ್ತಾನೆ ಸಾರ್ಸಿವ್ನಿ. ಚಪ್ಲಿ ಬುಡಿ."

ಬಿಟ್ಟೆ. ಅಜ್ಜಿ ಟೈರುಗಳನ್ನೇ ನೋಡುತ್ತಾ ನಿಂತರು. ನಾನು ಬರಿಗಾಲಲ್ಲೇ ವ್ಯಾನು ಹತ್ತಿ ರಸ್ತೆಗೆ ಇಳಿಸಿದೆ. ವಾಪಸು ಬಂದಾಗ ಸಗಣಿ ಬುಟ್ಟಿ ನನಗಾಗಿ ಕಾದಿತ್ತು.

ಟೈರಿನ ಗುರುತು ಮುಚ್ಚುವಂತೆ ಬಗ್ಗಿ ಸಾರಿಸಿದೆ. ಕರಿಯ ಮಾತ್ರ ಹಸಿನೆಲಕ್ಕೆ ಕಾಲಿಡದೆ ಅಂಚಿನಲ್ಲೇ ಕೂತಿದ್ದ.

"ನಾಯಿ ಕಣ ಕಂಡದೆ ಸಾ," ಎಂದರು ಅಜ್ಜಿ.

ಸಂಜೆಗೆ ಅದೇ ಅಜ್ಜಿಯನ್ನು ಮುಂದೆ ಕೂರಿಸಿ ನಾನು ಬೇಸಾಯ ಕಲಿಸಬೇಕಿತ್ತು.