ಅತ್ತೆಗೆ ಬಗ್ಗುತ್ತಿದ್ದ ಕಾರು

ನಮ್ಮ ಮನೆಯಲ್ಲಿ ಅತ್ತೆಯ ಮುಂದೆ ಬಗ್ಗದವರು ಯಾರೂ ಇರಲಿಲ್ಲ. ಮಗ ಬಗ್ಗುತ್ತಿದ್ದರು, ಗಿರಣಿಯ ಹಮಾಲರು ಬಗ್ಗುತ್ತಿದ್ದರು, ಹಲ್ಲು ಕಚ್ಚಿಕೊಂಡು ನಾನೂ ಬಗ್ಗುತ್ತಿದ್ದೆ. ಕೊನೆಗೆ ಒಂದು ಕಾರೂ ಬಂದು ಆ ಸಾಲಿನಲ್ಲಿ ಸೇರಿಕೊಂಡಿತು.

ಕಾರು ಸಂಡೂರಿನದು. ಗಣಿ ಜೋರಾಗಿದ್ದಾಗ ಅಲ್ಲಿಯ ಒಬ್ಬ ಸಾಹುಕಾರರು ಕೊಂಡ ವಿದೇಶಿ ಕಾರು. ಗಣಿ ನಿಂತು ಅವರ ಹುರುಪೂ ಇಳಿದ ಮೇಲೆ ಅಂಗಳದ ಮೂಲೆಯಲ್ಲಿ ತಾಡಪಾಲು ಹೊದ್ದು ಕೂತಿತ್ತು. ನಮ್ಮ ಯಜಮಾನರು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವವರು. ವ್ಯವಹಾರದಲ್ಲಿ ಭಾರೀ ಹುಷಾರು, ಕಾರು ಕಂಡರೆ ಮಾತ್ರ ಕರಗಿಬಿಡುತ್ತಾರೆ. ಯಾರಿಗೂ ಹೇಳದೆ ಹೋಗಿ ಅದನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಭತ್ತದ ಹೊಟ್ಟು ಹಾರುವ ನಮ್ಮ ಓಣಿಯಲ್ಲಿ ಕರ್ರಗೆ ಮಿರಿಮಿರಿ ಮಿಂಚುತ್ತಾ ನಿಂತದ್ದನ್ನು ನೋಡಿ ನನಗೆ ಮೈ ಉರಿಯಿತು.

"ಇದನ್ನ ದಿನಾ ತೊಳಿಯೋರು ಯಾರ್ರಿ?" ಎಂದೆ. ಅವರು ಕೇಳಿಸದವರ ಹಾಗೆ ಬಾನೆಟ್ಟಿನ ಮೇಲೆ ಕೂತ ಹೊಟ್ಟನ್ನು ಉಫ್ ಎಂದು ಊದಿದರು.

ಅಷ್ಟರಲ್ಲಿ ಅತ್ತೆ ಹೊಸ್ತಿಲಿಗೆ ಬಂದರು. ಅವರ ಎರಡೂ ಮೊಣಕಾಲು ಸವೆದು ಹೋಗಿದ್ದವು. ಬಸ್ಸಿನ ಮೆಟ್ಟಿಲು ಹತ್ತುವ ಹಾಗಿರಲಿಲ್ಲ, ಜೀಪಂತೂ ದೂರದ ಮಾತು. ಸಂಡೂರಿನಲ್ಲಿ ಅವರಿಗೊಬ್ಬ ತಂಗಿ ಇದ್ದರು. ಇವರಿಗೂ ಹತ್ತಲಾಗದು, ಅವರಿಗೂ ಹತ್ತಲಾಗದು. ವಿಡಿಯೋ ಕಾಲ್ ಹಚ್ಚಿಕೊಟ್ಟರೆ ಈ ಕಡೆಯಿಂದ ಬರೀ ಹಣೆ ಕಾಣುತ್ತಿತ್ತು, ಆ ಕಡೆಯಿಂದ ಬರೀ ಫ್ಯಾನು. ಹಾಗೆಯೇ ಮಾತಾಡಿ, ಹಾಗೆಯೇ ಕಣ್ಣೊರೆಸಿಕೊಂಡು ಫೋನಿಡುತ್ತಿದ್ದರು.

ಯಜಮಾನರು ಕಾರಿನ ಒಳಗೆ ಕೈ ಹಾಕಿ ಒಂದು ಗುಂಡಿ ಒತ್ತಿದರು. ಆ ಕಾರು ನಿಲ್ಲುತ್ತಿದ್ದುದು ಸ್ಪ್ರಿಂಗಿನ ಮೇಲಲ್ಲ, ಎಣ್ಣೆಯ ಒತ್ತಡದ ಮೇಲೆ. ಸುಸ್ ಎಂದು ಉಸಿರು ಬಿಟ್ಟು ಅಷ್ಟು ದೊಡ್ಡ ಕಾರು ನಿಧಾನಕ್ಕೆ ನೆಲದ ಕಡೆ ಇಳಿಯಿತು.

"ಏನಾತಪ ಅದಕ್ಕ?" ಎಂದರು ಅತ್ತೆ.

"ನಿನಗ ನಮಸ್ಕಾರ ಮಾಡಾಕತ್ತೈತವ್ವ."

ಅತ್ತೆ ನಗಲಿಲ್ಲ. ಆ ಗೌರವ ತಮಗೆ ಸಲ್ಲತಕ್ಕದ್ದೇ ಎಂಬಂತೆ ಹೋಗಿ, ಬಾಗಿಲು ಮುಟ್ಟಿ ನೋಡಿ, ಮೊದಲು ಕೂತು ಆಮೇಲೆ ಕಾಲು ಒಳಗೆ ತೆಗೆದುಕೊಂಡರು. ಯಾರ ಕೈಯನ್ನೂ ಹಿಡಿಯಲಿಲ್ಲ. "ನಡೀರಿ ಸಂಡೂರಿಗೆ" ಎಂದರು. ಒಲೆಯ ಮೇಲೆ ಇಟ್ಟಿದ್ದ ಬೇಳೆ ಇಳಿಸಿ ನಾನೂ ಓಡಿಬಂದು ಹತ್ತಿದೆ.

ಅಲ್ಲಿಂದಾಚೆಗೆ ತಿಂಗಳು ತಿಂಗಳು ಸಂಡೂರು. ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಡಿದು ಕೂತರೆ ಮುಗಿಯಿತು, ಚಿಕ್ಕಂದಿನಲ್ಲಿ ಅವ್ವನ ಕೈಯಲ್ಲಿ ಹೆಚ್ಚು ಏಟು ತಿಂದವರು ಯಾರು ಎಂದು ಜಗಳ. ನಮ್ಮ ಮನೆಯಲ್ಲಿ ಎಲ್ಲರನ್ನೂ ಹೆದರಿಸಿಕೊಂಡಿರುವ ಹೆಂಗಸು ಅಲ್ಲಿ ತಂಗಿಯ ಜಡೆ ಎಳೆಯುತ್ತಿದ್ದರು. ಕಾರಿನ ಮೇಲಿನ ನನ್ನ ಸಿಟ್ಟು ಆ ಜಗಳ ಕೇಳುತ್ತಾ ಕೇಳುತ್ತಾ ಕಡಿಮೆಯಾಯಿತು.

ಆಮೇಲೆ ಎಣ್ಣೆ ಸೋರತೊಡಗಿತು. ಬೆಳಿಗ್ಗೆ ಎದ್ದು ನೋಡಿದರೆ ಕಾರು ಎಮ್ಮೆ ಮಲಗಿದ ಹಾಗೆ ನೆಲಕ್ಕಂಟಿ ಕೂತಿರುತ್ತಿತ್ತು. ಮೊದಮೊದಲು ಗುಂಡಿ ಒತ್ತಿದರೆ ಏಳುತ್ತಿತ್ತು, ಬರಬರುತ್ತಾ ಒಂದು ಕಡೆ ಎದ್ದು ಇನ್ನೊಂದು ಕಡೆ ಕೂತೇ ಇರುತ್ತಿತ್ತು. ಬೆಂಗಳೂರಿನಿಂದ ಸಾಮಾನು ತರಿಸಿ ಹಾಕಿದರೂ ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಪಾಡು. ಕೊನೆಗೆ ಅದನ್ನು ಲಾರಿಯ ಮೇಲೆ ಹೇರಿ ಹೊಸಪೇಟೆಗೆ, ಟಿ.ಬಿ. ಡ್ಯಾಂ ರಸ್ತೆಯ ಒಂದು ಗ್ಯಾರೇಜಿಗೆ ಒಯ್ದೆವು.

ಗ್ಯಾರೇಜಿನವರು ಕೆಳಗೆ ತೂರಿ ನೋಡಿ ಹೊರಗೆ ಬಂದರು. "ಈ ಎಣ್ಣಿ ಆಟ ಬಿಟ್ಟುಬಿಡ್ರಿ ಸಾಹುಕಾರ್ರ. ಎಲ್ಲಾ ಬಿಚ್ಚಿ ಸ್ಪ್ರಿಂಗ್ ಹಾಕ್ತೀನಿ. ಸೋರಂಗಿಲ್ಲ, ಕೂಡಂಗಿಲ್ಲ."

"ಬಗ್ಗತೈತೇನು?" ಎಂದರು ಯಜಮಾನರು.

"ಬಗ್ಗಂಗಿಲ್ರಿ. ಸ್ಪ್ರಿಂಗಿಗೆ ಒಂದು ರಿಂಗ್ ಇರ್ತದ, ಅದನ್ನ ತಿರುವಿ ಎತ್ತರ ಬೇಕಂದ್ರ ಎತ್ತರ, ಗಿಡ್ಡ ಬೇಕಂದ್ರ ಗಿಡ್ಡ ಕೂಡಿಸಬಹುದು. ಆದ್ರ ಒಂದ್ಸಲ ಕೂಡಿಸಿದ್ರ ಮುಗೀತು, ಬದಲಿಸಬೇಕಂದ್ರ ಮತ್ತ ಇಲ್ಲಿಗೇ ತರಬೇಕು. ದಿನಾ ಗುಂಡಿ ಒತ್ತೋದಲ್ಲ ಅದು."

ಯಜಮಾನರ ಮುಖ ಸಣ್ಣಗಾಯಿತು. ಬಿಚ್ಚಿದ ಹಳೆಯ ಕೊಳವೆಗಳನ್ನು, ದುಂಡನೆಯ ಎಣ್ಣೆಗುಂಡುಗಳನ್ನು ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಮನೆಗೆ ತಂದರು. ಅದನ್ನು ಇವತ್ತಿಗೂ ಎಸೆಯಲು ಬಿಟ್ಟಿಲ್ಲ.

ರಸ್ತೆ ಕೆಟ್ಟದ್ದು ಎಂದು ಮೊದಲು ಎತ್ತರಕ್ಕೇ ಕೂಡಿಸಿದರು. ಅತ್ತೆ ಹೊಸ ಸೀರೆ ಉಟ್ಟು, ತಂಗಿಗೆ ಶೇಂಗಾ ಹೋಳಿಗೆ ಕಟ್ಟಿಸಿಕೊಂಡು ಹೊರಗೆ ಬಂದರು. ಕಾರು ಬಗ್ಗದೆ ನಿಂತೇ ಇತ್ತು. ಅವರು ಕಾದರು. ಆಮೇಲೆ ಮಗನ ಮುಖ ನೋಡಿದರು. ಕಾಲು ಎತ್ತಲು ಹೋದರೆ ಮೊಣಕಾಲು ಏಳಲಿಲ್ಲ. ಯಜಮಾನರು ಬಡಿಗನ ಹತ್ತಿರ ಮುಂಚೆಯೇ ಮಾಡಿಸಿಟ್ಟಿದ್ದ ಒಂದು ಗಟ್ಟಿ ಮಣೆ ತಂದು ಬಾಗಿಲ ಬಳಿ ಇಟ್ಟರು. ಕೈ ಹಿಡಿಯಲು ನನ್ನನ್ನು ಕರೆದರು.

ಎದುರಿಗೆ ಲಾರಿಯಿಂದ ಚೀಲ ಇಳಿಸುತ್ತಿದ್ದ ಹಮಾಲರೆಲ್ಲ ನಿಂತು ನೋಡುತ್ತಿದ್ದರು. ಅತ್ತೆ ಅವರನ್ನು ನೋಡಿದರು, ಮಣೆಯನ್ನು ನೋಡಿದರು.

"ಮಂದಿ ಮುಂದ ನನ್ನ ಎತ್ತಿ ಹೇರಬ್ಯಾಡ್ರಿ. ನಾನೇನು ಭತ್ತದ ಚೀಲಲ್ಲ" ಎಂದು ಒಳಗೆ ಹೋದರು.

ಹೋಳಿಗೆ ನಾವೇ ತಿಂದೆವು. ಯಾರಿಗೂ ರುಚಿಸಲಿಲ್ಲ. ಮತ್ತೆ ಹಣೆ ಮತ್ತು ಫ್ಯಾನಿನ ಮಾತುಕತೆ ಶುರುವಾಯಿತು. ಒಂದು ದಿನ ತಂಗಿ "ಯಾಕಕ್ಕ ಬರ್ಲಿಲ್ಲ?" ಎಂದು ಕೇಳಿದ್ದಕ್ಕೆ ಅತ್ತೆ, "ಕಾರಿಗೆ ಆರಾಮಿಲ್ಲ ಬಿಡವಾ" ಎಂದರು. ತಮಗೆ ಹತ್ತಲು ಆಗುವುದಿಲ್ಲ ಎಂದು ತಂಗಿಯ ಮುಂದೆ ಕೂಡ ಬಾಯಿ ಬಿಡಲಿಲ್ಲ. ಅದನ್ನು ಕೇಳಿ ಯಜಮಾನರು ಊಟ ಬಿಟ್ಟು ಎದ್ದರು, ಮರುದಿನವೇ ಹೊಸಪೇಟೆಗೆ ಹೋಗಿ ರಿಂಗು ತಿರುವಿಸಿ ಕಾರನ್ನು ಆದಷ್ಟು ತಗ್ಗಿಸಿಕೊಂಡು ಬಂದರು. ಅತ್ತೆ ಮೊದಲಿನಂತೆಯೇ ಯಾರ ಕೈಯನ್ನೂ ಹಿಡಿಯದೆ ಕೂತರು.

ಈಗ ಕಷ್ಟ ಬಂದದ್ದು ನನಗೆ. ಕಂಪ್ಲಿಯಿಂದ ಸಂಡೂರಿನವರೆಗೆ ಊರಿಗೊಂದು ರಸ್ತೆ ಉಬ್ಬು. ತಗ್ಗಿದ ಕಾರು ಪ್ರತಿಯೊಂದಕ್ಕೂ ಹೊಟ್ಟೆ ಉಜ್ಜಿಕೊಂಡು ಗರ್ರ್ ಎನ್ನುತ್ತಿತ್ತು. ಆ ಸದ್ದಿಗೆ ಯಜಮಾನರು ತಮ್ಮ ಹೊಟ್ಟೆಯೇ ಉಜ್ಜಿದಂತೆ ಮುಖ ಹಿಂಡುತ್ತಿದ್ದರು.

"ನೀ ಒಂಚೂರು ಇಳಿದ್ರ..." ಎಂದರು ಒಮ್ಮೆ.

"ನಾನೊಬ್ಬಾಕಿ ಇಳಿದ್ರ ಕಾರು ಹಗುರಾಗತೈತೇನ್ರಿ? ಅಷ್ಟು ದಪ್ಪ ಕಾಣ್ತೀನೇನು?"

ಅವರು ಜಾಣರು, ಕಾರು ನಿಲ್ಲಿಸಿ ಗಾಜು ಒರೆಸತೊಡಗಿದರು. ಇಳಿದೆ. ಕಾರು ಸದ್ದಿಲ್ಲದೆ ದಾಟಿಬಿಟ್ಟಿತು! ಅವಮಾನವೋ ಸಮಾಧಾನವೋ ಗೊತ್ತಾಗದೆ ಹಿಂದಿನಿಂದ ನಡೆದುಹೋಗಿ ಹತ್ತಿದೆ. ಅಂದಿನಿಂದ ಅದೇ ಪದ್ಧತಿಯಾಯಿತು. ಉಬ್ಬು ಬಂದರೆ ನಾನು ಇಳಿಯಬೇಕು. ಅತ್ತೆ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತಿರುತ್ತಾರೆ, ಕಾರು ಮೆಲ್ಲಗೆ ದಾಟುತ್ತದೆ, ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆ ನಡೆಯುತ್ತೇನೆ. ಕಮಲಾಪುರದ ಉಬ್ಬಿನ ಹತ್ತಿರ ಬಾಳೆಹಣ್ಣು ಮಾರುವಾಕೆ ಮೊದಲ ಸಲ, "ಯಾಕಕ್ಕ, ಜಗಳಾಡಿ ಇಳಿದ್ಯೇನು?" ಎಂದು ಕೇಳಿದಳು. ಆಮೇಲೆ ನಮ್ಮಿಬ್ಬರಿಗೂ ಒಳ್ಳೆಯ ಸ್ನೇಹವಾಯಿತು. ಒಮ್ಮೆ ಹಂಪಿ ನೋಡಲು ಬಂದ ವಿದೇಶಿಯರು ಈ ಮೆರವಣಿಗೆಯ ಫೋಟೋ ತೆಗೆದರು. ಅತ್ತೆ ಗಾಜಿನೊಳಗಿನಿಂದಲೇ ಅವರಿಗೆ ಕೈ ಮುಗಿದರು. ನನಗೆ ಎಷ್ಟು ನಗು ಬಂತೆಂದರೆ ಸಿಟ್ಟು ಮಾಡಿಕೊಳ್ಳಬೇಕೆಂದಿದ್ದದ್ದೇ ಮರೆತುಹೋಯಿತು.

ಆದರೆ ಹತ್ತಿ ಇಳಿದು, ಹತ್ತಿ ಇಳಿದು ಈಚೆಗೆ ನನ್ನ ಬಲಗಾಲಿನ ಮೊಣಕಾಲು ಚಳಕ್ ಎನ್ನತೊಡಗಿತ್ತು. ತಗ್ಗಿನ ಕಾರಿನಿಂದ ಏಳುವುದು ಹತ್ತುವುದಕ್ಕಿಂತ ಕಷ್ಟ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸಂಡೂರು ನಿಲ್ಲುತ್ತದೆ, ಜಡೆ ಎಳೆಯುವ ಆ ಜಗಳ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಬಾಗಿಲಿನ ಅಂಚು ಹಿಡಿದು, ಮುಖದಲ್ಲಿ ತೋರಗೊಡದೆ ಏಳುತ್ತಿದ್ದೆ.

ಕಳೆದ ಸಲ ಸಂಡೂರಿನಿಂದ ಬಂದ ಮರುದಿನ ಬೆಳಿಗ್ಗೆ ಅತ್ತೆ ಮಗನನ್ನು ಕರೆದರು. ನಾನು ಅಡುಗೆಮನೆಯಲ್ಲಿದ್ದೆ.

"ಆ ಕಾರು ಎತ್ತರ ಮಾಡಿಸಪ."

"ನಿನಗ ಹತ್ತಾಕ ಆಗಂಗಿಲ್ಲಲ್ಲವ್ವ."

"ನಿನ್ನ ಹೇಣ್ತಿ ಏಳೋದು ನೋಡೀಯೇನು? ಬಾಗ್ಲ ಹಿಡ್ಕೊಂಡು ಏಳಾಕತ್ಯಾಳ. ನಂದೂ ಹಿಂಗ ಶುರುವಾಗಿತ್ತು, ಆವಾಗ ಯಾರೂ ನೋಡ್ಲಿಲ್ಲ." ಆಮೇಲೆ ಕೇಳಿದರು, "ಆ ಮಣಿ ಎಲ್ಲಿಟ್ಟೀರಿ?"

ಮಣೆಯ ಮೇಲೆ ನಾನು ಉಪ್ಪಿನಕಾಯಿ ಭರಣಿ ಇಟ್ಟಿದ್ದೆ. ಭರಣಿ ಇಳಿಸಿ, ಎಣ್ಣೆಯ ಕಲೆ ಹೋಗುವವರೆಗೆ ತಿಕ್ಕಿ ತೊಳೆದೆ. ತೊಳೆಯುತ್ತಾ ಕಣ್ಣಲ್ಲಿ ನೀರು ಬಂತು, ಅದಕ್ಕೆ ಖಾರವೇನೂ ಕಾರಣವಲ್ಲ. ಇಷ್ಟು ವರ್ಷ ಕಾರಿನಲ್ಲಿ ಅವರು ನನ್ನ ಕಡೆ ತಿರುಗದೆ ಮುಂದಕ್ಕೇ ನೋಡುತ್ತಾ ಕೂತಿರುತ್ತಾರೆ ಅಂದುಕೊಂಡಿದ್ದೆ.

ಕಾರು ಮತ್ತೆ ಎತ್ತರವಾಗಿ ಬಂದ ಮೇಲೆ ಸಂಡೂರಿಗೆ ಹೊರಟೆವು. ಅವತ್ತೂ ಎದುರಿಗೆ ಲಾರಿ ನಿಂತಿತ್ತು, ಹಮಾಲರು ನಿಂತು ನೋಡಿದರು. "ಏನ್ ನೋಡ್ತೀರಲೇ, ಚೀಲ ಇಳಸ್ರಿ" ಎಂದು ಗದರಿ ಅತ್ತೆ ಮಣೆಯ ಮೇಲೆ ಕಾಲಿಟ್ಟರು. ನನ್ನ ಹೆಗಲ ಮೇಲೆ ಕೈ ಊರಿ ಪೂರ್ತಿ ಭಾರ ಬಿಟ್ಟರು.

"ಭಾರ ಆತೇನವಾ?"

"ಇಲ್ ಬಿಡ್ರಿ ಅತ್ತಿ" ಎಂದೆ. ಚೆನ್ನಾಗಿಯೇ ಭಾರವಿದ್ದರು.

ಮಣೆಯನ್ನು ಅವರ ಕಾಲ ಬಳಿ ಇಟ್ಟುಕೊಂಡು ಪಕ್ಕದಲ್ಲಿ ಕೂತೆ. ಕಮಲಾಪುರದ ಉಬ್ಬು ಬಂತು. ಬಾಳೆಹಣ್ಣಿನಾಕೆ ನನ್ನನ್ನು ನೋಡಿ ಕೈ ಎತ್ತಿದಳು. ಇನ್ನು ಇಳಿಯಬೇಕಾಗಿಲ್ಲ ಎಂಬುದು ಮರೆತು ನನ್ನ ಕೈ ಬಾಗಿಲ ಹಿಡಿಕೆಗೆ ಹೋಯಿತು. ಅತ್ತೆ ಆ ಕೈಯನ್ನು ಹಿಡಿದು ತಮ್ಮ ಮಡಿಲಿಗೆ ತೆಗೆದುಕೊಂಡರು.

"ಕುಂದ್ರು" ಎಂದರು.

ಕಾರು ನಿಲ್ಲದೆ ಉಬ್ಬು ದಾಟಿತು. ಸಂಡೂರು ಬರುವವರೆಗೂ ಅವರು ಕೈ ಬಿಡಲಿಲ್ಲ.