ಊರಿನ ಜಾಲತಾಣ ತೆರೆದ ತಪ್ಪಿಗೆ

2023ರ ಕೊನೆಯಲ್ಲಿ ನಾನು ಬಹ್ರೈನಿನ ಮನಾಮದಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಐಟಿ ವಿಭಾಗದ ಮುಖ್ಯಸ್ಥನಾಗಿದ್ದೆ. ಹೆಸರಿಗೆ ಮುಖ್ಯಸ್ಥ, ಕೆಲಸ ಕಾವಲುಗಾರನದು. ಯಾವ ಜಾಲತಾಣ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂದು ಮೇಲಿನವರು ಹೇಳುತ್ತಿದ್ದರು, ನಾನು ಬೀಗ ಹಾಕುತ್ತಿದ್ದೆ. ಈಗ ನಿವೃತ್ತನಾಗಿ, ಅಲ್ಲಿನ ಬುಸೈತೀನ್‌ನ ಫ್ಲ್ಯಾಟು ಖಾಲಿ ಮಾಡಿ ಉಡುಪಿಗೆ ಬಂದಾಗಿದೆ. ಆ ಒಂದು ಪ್ರಕರಣದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ವಿದೇಶದಲ್ಲಿ ಬ್ಲಾಕ್ ಆದ ಜಾಲತಾಣ ಎಂದರೆ ಜನ ಏನೇನೋ ಕಲ್ಪಿಸಿಕೊಂಡು ನಗುತ್ತಾರೆ. ನಮ್ಮವರ ಗೋಳು ಬೇರೆ. ಎಷ್ಟೋ ಸಲ ನಮಗೆ ಅಲ್ಲಿ ತೆರೆಯದಿದ್ದದ್ದು ಊರಿನದೇ ಜಾಲತಾಣಗಳು. ಪ್ರತಿ ಇಂಟರ್ನೆಟ್ ಸಂಪರ್ಕಕ್ಕೂ ಐಪಿ ವಿಳಾಸ ಎಂಬ ಸಂಖ್ಯೆ ಇರುತ್ತದೆ, ಅದನ್ನು ನೋಡಿದರೆ ನೀವು ಯಾವ ದೇಶದಲ್ಲಿದ್ದೀರಿ ಎಂದು ತಿಳಿಯುತ್ತದೆ. ಹ್ಯಾಕರ್‌ಗಳ ಭಯಕ್ಕೆ ಕೆಲವು ಕಚೇರಿಗಳು ವಿದೇಶದ ಐಪಿಗಳನ್ನೆಲ್ಲ ಸಾರಾಸಗಟಾಗಿ ಹೊರಗಿಡುತ್ತವೆ. ಆಗ ಉಳಿಯುವ ದಾರಿ ವಿಪಿಎನ್. ಅದು ನಿಮ್ಮ ಸಂಪರ್ಕವನ್ನು ಬೇರೆ ದೇಶದ ಕಂಪ್ಯೂಟರಿನ ಮೂಲಕ ಸುತ್ತಿಸಿ, ನೀವು ಅಲ್ಲೇ ಕುಳಿತಿದ್ದೀರಿ ಎಂದು ತೋರಿಸುತ್ತದೆ. ನಮ್ಮವರು ಇಬ್ಬರು ಸೇರಿದಲ್ಲಿ 'ನೀವು ಯಾವ ವಿಪಿಎನ್ ಹಾಕುದು?' ಎನ್ನುವುದು ಊಟದ ವಿಷಯ ಕೇಳಿದಷ್ಟೇ ಮಾಮೂಲು.

ಜೆಸಿಂತಾ ಕಾರ್ಕಳ ಕಡೆಯವರು, ಡಯಾಲಿಸಿಸ್ ವಿಭಾಗದ ಹಿರಿಯ ನರ್ಸ್. ಗಂಡನಿಗೆ ಹಡಗಿನಲ್ಲಿ ಕೆಲಸ. ಮನಾಮದ ಸೆಗಯಾ ಬಡಾವಣೆಯ ಸಣ್ಣ ಫ್ಲ್ಯಾಟಿನಲ್ಲಿ ತಾಯಿ, ಮಗಳು ಇಬ್ಬರೇ. ಮಗಳು ಹತ್ತನೇ ಕ್ಲಾಸು, ತಾಯಿಯ ವೀಸಾದ ಮೇಲೆಯೇ ಅಲ್ಲಿದ್ದವಳು. ತಾಯಿಯ ಕೆಲಸ ಹೋದರೆ ಬೋರ್ಡ್ ಪರೀಕ್ಷೆಯ ಹೊಸ್ತಿಲಲ್ಲೇ ಅವಳು ಶಾಲೆ ಬಿಟ್ಟು ಹೊರಡಬೇಕಿತ್ತು.

ಆ ವರ್ಷ ಎಚ್ಆರ್ ವಿಭಾಗ ನರ್ಸ್‌ಗಳಿಗೆಲ್ಲ ಒಂದು ಸುತ್ತೋಲೆ ಕಳಿಸಿತು: ಊರಿನ ನರ್ಸಿಂಗ್ ನೋಂದಣಿಯನ್ನು ನವೀಕರಿಸಿ, ಅದರ ಪ್ರತಿಯನ್ನು ಸಿಬ್ಬಂದಿ ಪೋರ್ಟಲ್‌ಗೆ ಹಾಕಬೇಕು. ನವೀಕರಣದ ಜಾಲತಾಣವೋ ಬಹ್ರೈನಿನಿಂದ ತೆರೆಯುತ್ತಿರಲಿಲ್ಲ. ಜೆಸಿಂತಾ ಡ್ಯೂಟಿ ಮುಗಿಸಿ ಮನೆಗೆ ಹೋಗಿ, ತಮ್ಮ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಹಾಕಿ, ಮುಂಬೈ ಎಂದು ಆಯ್ದುಕೊಂಡು ಕೆಲಸ ಮುಗಿಸಿದರು. ಮುಗಿಯಿತಲ್ಲ ಎಂಬ ಖುಷಿಯಲ್ಲಿ ವಿಪಿಎನ್ ಆಫ್ ಮಾಡುವುದನ್ನು ಮರೆತು, ಹಾಗೆಯೇ ನಮ್ಮ ಪೋರ್ಟಲ್ ತೆರೆದು ಪ್ರತಿಯನ್ನೂ ಹಾಕಿಬಿಟ್ಟರು.

ನಮ್ಮ ಸಿಸ್ಟಮ್ ತಕ್ಷಣ ಅವರ ಖಾತೆಯನ್ನು ಲಾಕ್ ಮಾಡಿತು. ಇದಕ್ಕೆ ನಮ್ಮ ವೃತ್ತಿಯಲ್ಲಿ ಇಂಪಾಸಿಬಲ್ ಟ್ರಾವೆಲ್ ಎನ್ನುತ್ತೇವೆ. ಸಂಜೆ ಮನಾಮದಲ್ಲಿ ಡ್ಯೂಟಿ ಮುಗಿಸಿದವರು ಸ್ವಲ್ಪ ಹೊತ್ತಿನಲ್ಲೇ ಮುಂಬೈಯಿಂದ ಲಾಗಿನ್ ಆಗಲು ಸಾಧ್ಯವಿಲ್ಲ, ಹಾಗಾಗಿ ಪಾಸ್‌ವರ್ಡ್ ಬೇರೆಯವರ ಕೈ ಸೇರಿದೆ ಎಂದು ಅದರ ಲೆಕ್ಕಾಚಾರ. ರೋಗಿಗಳ ದಾಖಲೆಗೂ ಅದೇ ಪಾಸ್‌ವರ್ಡ್. ಅದನ್ನು ಇನ್ನೊಬ್ಬರಿಗೆ ಕೊಟ್ಟರೆ ವಜಾ ಎಂದು ನಿಯಮವಿತ್ತು.

ಮರುದಿನ ನಿಯಮಪಾಲನೆ ನೋಡಿಕೊಳ್ಳುವ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆಸಿದರು.

"ಮುಂಬೈಯಲ್ಲಿ ಯಾರಿಗೆ ಪಾಸ್‌ವರ್ಡ್ ಕೊಟ್ಟಿರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಯಾರಿಗೂ ಕೊಟ್ಟಿಲ್ಲ ಸರ್, ಲಾಗಿನ್ ಆದದ್ದು ನಾನೇ" ಎಂದರು ಜೆಸಿಂತಾ.

"ರೆಕಾರ್ಡ್ ಪ್ರಕಾರ ಆ ಹೊತ್ತಿಗೆ ಆ ವ್ಯಕ್ತಿ ಬಹ್ರೈನಿನಲ್ಲಿ ಇರಲಿಲ್ಲ."

ಆ ವ್ಯಕ್ತಿ ಯೂನಿಫಾರ್ಮ್ ಹಾಕಿಕೊಂಡು ಅವರ ಮೇಜಿನ ಮುಂದೆಯೇ ನಿಂತಿದ್ದರು. ಕುಳಿತುಕೊಳ್ಳಿ ಎನ್ನುವ ಸೌಜನ್ಯವನ್ನೂ ಆ ಮನುಷ್ಯ ತೋರಿಸಲಿಲ್ಲ.

ಜೆಸಿಂತಾ ನನ್ನ ಕಡೆ ತಿರುಗಿದರು. "ಶೆಟ್ರೇ, ನಾನು ಸೆಗಯಾದ ಮನೆಯಲ್ಲೇ ಇದ್ದದ್ದು. ವಿಪಿಎನ್ ಹಾಕದಿದ್ರೆ ಊರಿದ್ದು ಓಪನ್ ಆಗುದೇ ಇಲ್ಲ, ನಿಮಗೆ ಗೊತ್ತುಂಟಲ್ಲ? ಇವರಿಗೆ ಸ್ವಲ್ಪ ಹೇಳಿ ಮಾರಾಯ್ರೆ."

ನಾನು ಲಾಗಿನ್‌ಗಳ ದಾಖಲೆ ತೆರೆದು ತೋರಿಸಿದೆ. ಮುಂಬೈಯ ಆ ಐಪಿ ಒಂದು ವಿಪಿಎನ್ ಕಂಪನಿಯದು. ಲ್ಯಾಪ್‌ಟಾಪ್ ಅವರು ಯಾವಾಗಲೂ ಬಳಸುವುದೇ. ಪಾಸ್‌ವರ್ಡ್ ಯಾರ ಕೈಗೂ ಹೋಗಿಲ್ಲ ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ. ಮ್ಯಾನೇಜರ್ ತಲೆಯಾಡಿಸಿದರು, ನನಗೆ ಜೀವ ಬಂದಂತಾಯಿತು.

"ಒಪ್ಪಿದೆ. ಹಾಗಾದರೆ ವಿಪಿಎನ್ ಬಳಸಿ ನಮ್ಮ ಪೋರ್ಟಲ್‌ಗೆ ಬಂದಿದ್ದಾರೆ. ಅದೂ ನಿಷಿದ್ಧ, ಅದಕ್ಕೂ ಅದೇ ಶಿಕ್ಷೆ."

ನನ್ನ ಮೈಯೆಲ್ಲ ಉರಿಯಿತು. "ಈ ಪ್ರತಿ ಬೇಕೆಂದವರು ನೀವೇ. ವಿಪಿಎನ್ ಇಲ್ಲದೆ ಆ ಜಾಲತಾಣವನ್ನು ಇಲ್ಲಿಂದ ಒಮ್ಮೆ ತೆರೆದು ತೋರಿಸಿ" ಎಂದೆ. ಎದುರಿಗೇ ಕಂಪ್ಯೂಟರ್ ಇತ್ತು. ಅವರು ಮುಟ್ಟಲಿಲ್ಲ. "ಅದು ನಮ್ಮ ಸಮಸ್ಯೆಯಲ್ಲ" ಎಂದರು. ಉಳಿದ ನರ್ಸ್‌ಗಳೂ ತಮ್ಮ ಪ್ರತಿಗಳನ್ನು ಹೀಗೇ ತಂದವರು. ಅವರು ಕೊನೆಗೆ ವಿಪಿಎನ್ ಆಫ್ ಮಾಡಿದ್ದರು, ಅಷ್ಟೇ ವ್ಯತ್ಯಾಸ. ಆ ಪ್ರತಿಗಳನ್ನೆಲ್ಲ ಎಚ್ಆರ್ ಕಣ್ಣಿಗೊತ್ತಿಕೊಂಡು ಫೈಲ್ ಮಾಡಿತ್ತು.

ನಿರ್ದೇಶಕರವರೆಗೂ ಹೋಗಿ ಕೇಳಿಕೊಂಡೆ. ಮಗಳ ಪರೀಕ್ಷೆ ಮುಗಿಯುವವರೆಗಾದರೂ ಇಟ್ಟುಕೊಳ್ಳಿ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಾಯಿ, ಮಗಳು ಪರೀಕ್ಷೆಗೆ ಮೊದಲೇ ಊರಿಗೆ ಹೋದರು, ಹುಡುಗಿಯ ವರ್ಷ ಹಾಳಾಯಿತು. ಇನ್ನು ಮುಂದೆ ಬಹ್ರೈನಿನ ಹೊರಗಿನಿಂದ ಯಾರಿಗೂ ಸಿಬ್ಬಂದಿ ಪೋರ್ಟಲ್ ತೆರೆಯಬಾರದು ಎಂದು ನನಗೆ ಆದೇಶ ಬಂತು. ಆ ಬೀಗವನ್ನೂ ಹಾಕಿದೆ.

ಕೆಲವು ತಿಂಗಳ ಮೇಲೆ ಕಾರ್ಕಳದಿಂದ ಜೆಸಿಂತಾ ಅವರ ಮೆಸೇಜು ಬಂತು. ಮಂಗಳೂರಿನಲ್ಲಿ ಒಂದು ಕೆಲಸ ಸಿಗುವುದರಲ್ಲಿತ್ತು, ಅದಕ್ಕೆ ನಮ್ಮ ಆಸ್ಪತ್ರೆಯ ಅನುಭವ ಪ್ರಮಾಣಪತ್ರ ಬೇಕಿತ್ತು. ಅದು ಇದ್ದದ್ದು ಪೋರ್ಟಲಿನಲ್ಲಿ; ಕೆಲಸ ಬಿಟ್ಟವರಿಗೂ ತಮ್ಮ ಪತ್ರಗಳನ್ನು ಪಡೆಯಲು ಒಂದು ವರ್ಷ ಅಲ್ಲಿ ಖಾತೆ ಇರುತ್ತಿತ್ತು. "ಶೆಟ್ರೇ, ಇಲ್ಲಿಂದ ನಿಮ್ಮ ಪೋರ್ಟಲ್ ಓಪನ್ ಆಗುದಿಲ್ಲ. ಎಂತ ಮಾಡುದು?"

ನಾನು ಎಚ್ಆರ್‌ನವರನ್ನು ಕೇಳಿದೆ, ಇಮೇಲ್ ಮಾಡಿ ಎಂದೆ. "ಪೋರ್ಟಲಿನಿಂದಲೇ ಡೌನ್‌ಲೋಡ್ ಮಾಡಿಕೊಳ್ಳಲಿ" ಎಂದರು.

ಇಷ್ಟು ವರ್ಷ ನಾನು ಹಾಕಿದ ಬೀಗಗಳು ಎಷ್ಟು ಕಳ್ಳರನ್ನು ತಡೆದವೋ ಗೊತ್ತಿಲ್ಲ. ನಿಯತ್ತಿನಿಂದ ದುಡಿಯುವವರಿಗೆ ಸುಳ್ಳು ವಿಳಾಸ ಹೇಳುವುದನ್ನಂತೂ ಚೆನ್ನಾಗಿ ಕಲಿಸಿದವು. ಈ ವೃತ್ತಿಯಿಂದ ನಾನು ಕಲಿತ ಪಾಠ ಅದೊಂದೇ.

"ವಿಪಿಎನ್ ಹಾಕಿ ಸಿಸ್ಟರ್, ಬಹ್ರೈನ್ ಅಂತ ಕೊಡಿ" ಎಂದು ಬರೆದೆ.

"ಪುನಃ ಸಿಕ್ಕಿಬಿದ್ರೆ?"

"ಇನ್ನು ನಿಮ್ಮ ಹತ್ರ ತೆಗೀಲಿಕ್ಕೆ ಅವರಿಗೆ ಎಂತ ಉಂಟು?"